ಕಳೆಯ ಹಗೇವು ಬರಿದಾಗಲಿ: ಬೀಳು ಬಿದ್ದ ಹೊಲದ ಹಠಮಾರಿ ಕಳೆಗಳ ಹತೋಟಿ

ನಮ್ಮ ನಾಡಿನಲ್ಲಿ ಇಂದು ಊರಿಗೆ ನಾಲ್ಕಾರು ಹೊಲಗಳಾದರೂ ಬೀಳು ಬಿದ್ದಿರುವುದನ್ನು ಕಾಣಬಹುದು. ಮಕ್ಕಳು ಪಟ್ಟಣ ಸೇರಿದ್ದಾರೆ, ಹಿರಿಯರಿಗೆ ಕೈಲಾಗದು, ಆಳು ಸಿಗುವುದಿಲ್ಲ, ಭಾಗದ ವ್ಯಾಜ್ಯ ಮುಗಿದಿಲ್ಲ; ಕಾರಣ ಏನೇ ಇರಲಿ, ಮೂರು ನಾಲ್ಕು ವರ್ಷ ನೇಗಿಲು ಕಾಣದ ಹೊಲ ಹೊಲವಾಗಿ ಉಳಿಯುವುದಿಲ್ಲ. ಅದು ಪಾರ್ಥೇನಿಯಂ, ಗರಿಕೆ, ತುಂಗೆ, ಲಂಟಾನಗಳ ತವರಾಗುತ್ತದೆ. ಅಂತಹ ಜಮೀನನ್ನು ಮತ್ತೆ ಬೇಸಾಯಕ್ಕೆ ತರಲು ಹೊರಟ ರೈತರು ಮೊದಲ ವರ್ಷವೇ ಸಾವಿರಾರು ರೂಪಾಯಿ ಖರ್ಚು ಮಾಡಿ, ಎರಡನೆಯ ವರ್ಷ ಮೊದಲಿಗಿಂತ ಹೆಚ್ಚು ಕಳೆಯನ್ನು ಕಂಡು ಕೈಚೆಲ್ಲುವುದುಂಟು. ಜಮೀನನ್ನು ಮಾರುವ ಯೋಚನೆ ಬರುವುದೂ ಆಗಲೇ.

ಈ ಲೇಖಕನೂ ಆ ದಾರಿಯಲ್ಲಿ ಹೋಗಿ ಬಂದವನೇ. ತಂದೆಯವರು ತೀರಿಕೊಂಡ ಮೇಲೆ ನಮ್ಮ ಒಂದೂವರೆ ಎಕರೆ ಕೆಂಪು ಮಣ್ಣಿನ ಖುಷ್ಕಿ ಹೊಲ ಆರು ವರ್ಷ ಬೀಳು ಬಿದ್ದಿತ್ತು. ತರಗತಿಯಲ್ಲಿ ಕಳೆ ಹತೋಟಿಯನ್ನು ಬೋಧಿಸುವವನಾದರೂ, ರಜೆ ಸಿಕ್ಕಿದ್ದು ಮೃಗಶಿರಾ ಮಳೆ ಬಿದ್ದ ವಾರದಲ್ಲಿ. ಅವಸರದಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ತಂದು ಇಡೀ ಹೊಲಕ್ಕೆ ಎರಡು ಸಾಲು ರೋಟವೇಟರ್ ಹೊಡೆಸಿದೆ. ಸಂಜೆಗೆ ಹೊಲ ಹಸೆ ಬರೆದಂತೆ ಕಾಣುತ್ತಿತ್ತು. ಬದುವಿನ ಮೇಲೆ ಕುಳಿತಿದ್ದ ನಮ್ಮ ದೊಡ್ಡಪ್ಪ ಒಂದು ಹಿಡಿ ಮಣ್ಣು ತೆಗೆದು, ಅದರೊಳಗಿನ ಗರಿಕೆಯ ತುಂಡುಗಳನ್ನೂ ತುಂಗೆ ಗಡ್ಡೆಗಳನ್ನೂ ತೋರಿಸಿ, "ಮಗಾ, ಇದನ್ನ ಉತ್ತಿದ್ದೀಯೋ, ಇಲ್ಲಾ ನಾಟಿ ಹಾಕಿಸಿದ್ದೀಯೋ?" ಎಂದು ಕೇಳಿದರು. ಇಪ್ಪತ್ತು ದಿನದಲ್ಲಿ ಅವರ ಮಾತು ನಿಜವಾಯಿತು. ಒಂದು ಮೂಲೆಯಲ್ಲಿದ್ದ ಗರಿಕೆ ಅರ್ಧ ಹೊಲಕ್ಕೆ ಹರಡಿತ್ತು. ಬಿತ್ತಿದ ರಾಗಿ ಕೈಗೆ ಬರಲಿಲ್ಲ.

ತಪ್ಪು ನೇಗಿಲಿನದಲ್ಲ. ಯಾವ ಕಳೆ ತನ್ನ ಬಲವನ್ನು ಎಲ್ಲಿ ಕೂಡಿಟ್ಟಿದೆ ಎಂಬುದನ್ನು ನೋಡದೆ ಮಣ್ಣನ್ನು ಕದಡಿದ್ದು ತಪ್ಪು. ಹಿಂದೆ ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷವೂ ಹಗೇವಿನ ರಾಗಿಯಿಂದ ಮನೆ ನಡೆಯುತ್ತಿತ್ತು. ಹಠಮಾರಿ ಕಳೆಗಳಿಗೂ ನೆಲದೊಳಗೆ ಇಂತಹ ಹಗೇವುಗಳಿವೆ. ಮೇಲಿನ ಎಲೆ, ಕಾಂಡವನ್ನು ಎಷ್ಟು ಸಲ ಕೊಯ್ದರೂ ಹಗೇವು ತುಂಬಿರುವ ತನಕ ಕಳೆ ಮತ್ತೆ ಏಳುತ್ತದೆ. ಹಗೇವಿನಿಂದ ಹೊರಗೆ ಬರುವುದು ಹೆಚ್ಚಾಗಿ, ಒಳಗೆ ಹೋಗುವುದು ನಿಂತರೆ ಮಾತ್ರ ಕಳೆ ಸೋಲುತ್ತದೆ. ಈ ಲೇಖನದ ತಿರುಳು ಇಷ್ಟೇ. ಇದನ್ನು ಹೊಲದಲ್ಲಿ ಹೇಗೆ ಸಾಧಿಸಬಹುದು ಎಂಬುದನ್ನು ಮುಂದೆ ವಿವರಿಸಲಾಗಿದೆ.

1. ಮೊದಲು ಕಳೆಯ ಗುರುತು

ಬೀಳು ಹೊಲಗಳಲ್ಲಿ ಹೆಚ್ಚಾಗಿ ತೊಂದರೆ ಕೊಡುವ ಕಳೆಗಳನ್ನು ಅವುಗಳ ಹಗೇವಿನ ಆಧಾರದ ಮೇಲೆ ನಾಲ್ಕು ಗುಂಪು ಮಾಡಬಹುದು.

(ಅ) ಬೀಜವೇ ಹಗೇವಾಗಿರುವ ಕಳೆ: ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಕಳೆ. ಅಮೆರಿಕ ಖಂಡದ ಉಷ್ಣ ಪ್ರದೇಶದ ಈ ಕಳೆಯನ್ನು ನಮ್ಮ ದೇಶದಲ್ಲಿ 1955ರಲ್ಲಿ ಪುಣೆಯಲ್ಲಿ ಗುರುತಿಸಲಾಯಿತು. ಒಂದು ಗಿಡ 15,000ದಿಂದ 25,000 ಬೀಜ ಉದುರಿಸಬಲ್ಲದು. ಮೊಳೆತ ನಾಲ್ಕರಿಂದ ಆರು ವಾರಗಳಲ್ಲಿ ಹೂ ಬಿಡುತ್ತದೆ. ತೇವವಿದ್ದರೆ ವರ್ಷವಿಡೀ ಹುಟ್ಟುತ್ತದೆ. ಬೇರಿನಲ್ಲಿ ಹೇಳಿಕೊಳ್ಳುವಂತಹ ಶಕ್ತಿಯಿಲ್ಲ. ಹೂವಿಗೆ ಮುಂಚೆ ಬೇರು ಸಹಿತ ಕಿತ್ತರೆ ಆ ಗಿಡದ ಕಥೆ ಮುಗಿಯಿತು.

(ಆ) ಬಳ್ಳಿ ಮತ್ತು ನೆಲದೊಳಗಿನ ಕಾಂಡ ಹಗೇವಾಗಿರುವ ಕಳೆ: ಗರಿಕೆ. ಉತ್ತರ ಕರ್ನಾಟಕದಲ್ಲಿ ಇದನ್ನು ಕರಿಕೆ ಎನ್ನುತ್ತಾರೆ. ಮೇಲೆ ಹರಿಯುವ ಬಳ್ಳಿಯ ಪ್ರತಿ ಗಿಣ್ಣೂ, ಒಳಗೆ ಹರಿಯುವ ಕಾಂಡದ ಪ್ರತಿ ಗಿಣ್ಣೂ ಹೊಸ ಗಿಡವಾಗಬಲ್ಲದು. ತುಂಡು ಮಾಡಿದಷ್ಟೂ ಗಿಡ ಹೆಚ್ಚು.

(ಇ) ಗಡ್ಡೆ ಹಗೇವಾಗಿರುವ ಕಳೆ: ತುಂಗೆ, ಜೇಕು, ಕೊನ್ನಾರಿ ಗಡ್ಡೆ ಎಂದೂ ಕರೆಯುತ್ತಾರೆ. ಜಗತ್ತಿನ ಅತ್ಯಂತ ಕೆಟ್ಟ ಕಳೆಗಳ ಸಾಲಿನಲ್ಲಿ ಕಳೆ ತಜ್ಞರು ಇದಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ಗಡ್ಡೆಗಳು ಜಪಮಣಿಯಂತೆ ಒಂದಕ್ಕೊಂದು ಪೋಣಿಸಿಕೊಂಡು ಬೆಳೆಯುತ್ತವೆ. ಸರ ಅಖಂಡವಾಗಿದ್ದಾಗ ತುದಿಯ ಗಡ್ಡೆ ಚಿಗುರಿ ಉಳಿದವು ಮಲಗಿರುತ್ತವೆ. ಸರ ತುಂಡಾದರೆ ಮಲಗಿದ್ದವೂ ಏಳುತ್ತವೆ.

(ಈ) ಬುಡವೇ ಹಗೇವಾಗಿರುವ ಪೊದೆಗಳು: ಲಂಟಾನ ಮತ್ತು ಬಳ್ಳಾರಿ ಜಾಲಿ. 1809ರ ಸುಮಾರಿಗೆ ಅಂದದ ಗಿಡವೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಲಂಟಾನ ಇಂದು ಬದು, ಗೋಮಾಳ, ಕಾಡುಗಳನ್ನೆಲ್ಲ ಆವರಿಸಿದೆ. ಬಳ್ಳಾರಿ ಜಾಲಿ ಬಯಲುಸೀಮೆಯ ಕೆರೆಯಂಗಳ, ಬೀಳು ಹೊಲಗಳನ್ನು ಹಿಡಿದಿದೆ. ಎರಡನ್ನೂ ನೆಲದ ಮಟ್ಟಕ್ಕೆ ಕಡಿದರೆ ಒಂದು ಕೊಂಬೆಯ ಜಾಗದಲ್ಲಿ ಹತ್ತು ಕೊಂಬೆ ಬರುತ್ತವೆ.

ಇವುಗಳಲ್ಲಿ ಗರಿಕೆ, ತುಂಗೆ ನಮ್ಮ ನೆಲಕ್ಕೆ ಹಳಬರು. ಉಳಿದವು ಹೊರಗಿನಿಂದ ಬಂದವು. ಬೀಳು ಹೊಲ ಈ ಭೇದವನ್ನು ಎಣಿಸುವುದಿಲ್ಲ.

2. ಹೊಲದ ಪರೀಕ್ಷೆ

ನೇಗಿಲು ಕಟ್ಟುವುದಕ್ಕೆ ಮುಂಚೆ ಒಂದು ದಿನವನ್ನು ಹೊಲ ನೋಡುವುದಕ್ಕೆಂದೇ ಮೀಸಲಿಡಿ. ಒಂದು ಹಾಳೆಯ ಮೇಲೆ ಹೊಲದ ಆಕಾರ ಬರೆದು, ಯಾವ ಭಾಗದಲ್ಲಿ ಯಾವ ಕಳೆ ಹೆಚ್ಚಾಗಿದೆ ಎಂದು ಗುರುತು ಮಾಡಿಕೊಳ್ಳಿ. ಸಾಮಾನ್ಯವಾಗಿ ನೀರು ನಿಲ್ಲುವ ತಗ್ಗಿನಲ್ಲಿ ತುಂಗೆ, ಬದುವಿನ ಪಕ್ಕದಲ್ಲಿ ಗರಿಕೆ, ರಸ್ತೆಯ ಕಡೆ ಮತ್ತು ತಿಪ್ಪೆಯ ಸುತ್ತ ಪಾರ್ಥೇನಿಯಂ, ಮೂಲೆಗಳಲ್ಲಿ ಮತ್ತು ಮರದ ಕೆಳಗೆ ಲಂಟಾನ ಕಾಣುತ್ತವೆ.

ಅನಂತರ ಎರಡು ಸುಲಭ ಪರೀಕ್ಷೆಗಳನ್ನು ಮಾಡಬಹುದು.

ಗುಂಡಿ ಪರೀಕ್ಷೆ: ಐದಾರು ಕಡೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೆಗೆದು ಮಣ್ಣನ್ನು ಜರಡಿ ಹಿಡಿಯಿರಿ. ಎಷ್ಟು ಗಡ್ಡೆ, ಎಷ್ಟು ಗರಿಕೆಯ ಕಾಂಡ, ಎಷ್ಟು ಆಳದವರೆಗೆ ಸಿಕ್ಕಿತೆಂದು ಬರೆದಿಡಿ. ತುಂಗೆಯ ಬಹುಪಾಲು ಗಡ್ಡೆಗಳು ಮೇಲಿನ 6 ಅಂಗುಲದಲ್ಲಿ (15 ಸೆಂ.ಮೀ.) ಇರುತ್ತವೆ.

ಬುಟ್ಟಿ ಪರೀಕ್ಷೆ: ಹತ್ತು ಕಡೆಗಳಿಂದ ಮೇಲಿನ 2 ಅಂಗುಲದ ಮಣ್ಣನ್ನು ತಂದು, ಬೆರೆಸಿ, ಅಗಲವಾದ ಬುಟ್ಟಿ ಅಥವಾ ತಟ್ಟೆಯಲ್ಲಿ ತೆಳ್ಳಗೆ ಹರಡಿ, ದಿನವೂ ನೀರು ಚಿಮುಕಿಸಿ ಮೂರು ವಾರ ಇಡಿ. ಎದ್ದ ಮೊಳಕೆಗಳನ್ನು ಎಣಿಸಿ. ಬರಿದಾಗಿ ಕಾಣುವ ಮಣ್ಣಿನಲ್ಲಿ ಎಷ್ಟು ಪಾರ್ಥೇನಿಯಂ ಬೀಜ ಕಾದು ಕುಳಿತಿದೆ ಎಂಬುದು ಇದರಿಂದ ಕಣ್ಣಿಗೆ ಕಾಣುತ್ತದೆ.

ಈ ಪರೀಕ್ಷೆಗಳನ್ನು ಪ್ರತಿ ವರ್ಷ ಅದೇ ಜಾಗದಲ್ಲಿ, ಅದೇ ತಿಂಗಳಲ್ಲಿ ಮಾಡತಕ್ಕದ್ದು. ಹಗೇವು ಬರಿದಾಗುತ್ತಿದೆಯೇ ಇಲ್ಲವೇ ಎಂದು ತಿಳಿಯಲು ಬೇರೆ ಲೆಕ್ಕವೇ ಬೇಡ.

3. ಕಳೆವಾರು ಹತೋಟಿ ಕ್ರಮಗಳು

ಪಾರ್ಥೇನಿಯಂ

ಇದರ ಹತೋಟಿಯಲ್ಲಿ ಒಂದೇ ಗಡುವು: ಬಿಳಿ ಹೂ ಕಾಣುವ ಮುಂಚೆ. ಮಳೆ ಬಿದ್ದ ಮಾರನೆಯ ದಿನ ಮಣ್ಣು ಮೆತ್ತಗಿರುವಾಗ ಬೇರು ಸಹಿತ ಕೀಳಿ. ಬುಡದ ಮೇಲೆ ಕೊಯ್ದರೆ ಪಕ್ಕದಿಂದ ಚಿಗುರಿ ಕುಳ್ಳಗಿರುವಾಗಲೇ ಹೂ ಬಿಡುತ್ತದೆ. ಇದರ ಪರಾಗ ಮತ್ತು ಎಲೆಯ ಸಂಪರ್ಕದಿಂದ ಚರ್ಮದ ತುರಿಕೆ, ಅಲರ್ಜಿ ಸೀನು, ಉಬ್ಬಸ ಬರುವುದುಂಟು. ಆದ್ದರಿಂದ ಕೈಗವಸು ಹಾಕಿ, ಮೈ ತುಂಬ ಬಟ್ಟೆ ಧರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಬೇಕು. ಒಮ್ಮೆ ಅಲರ್ಜಿಯಾದವರನ್ನು ಮತ್ತೆ ಈ ಕೆಲಸಕ್ಕೆ ಹಚ್ಚಬಾರದು.

ಹೂವಿಗೆ ಮುಂಚೆ ಕಿತ್ತ ಗಿಡವನ್ನು ಸಗಣಿ ಬಗ್ಗಡ ಮತ್ತು ಮಣ್ಣಿನೊಡನೆ ಪದರ ಪದರವಾಗಿ ಗುಂಡಿಗೆ ಹಾಕಿ ಮುಚ್ಚಿ ಕೊಳೆಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಹೂ ಬಿಟ್ಟ ಗಿಡವನ್ನು ತಿಪ್ಪೆಗೆ ಎಂದೂ ಹಾಕಬೇಡಿ. ಅದು ಮುಂದಿನ ವರ್ಷ ಗೊಬ್ಬರದ ಗಾಡಿಯಲ್ಲಿ ಕುಳಿತು ಹೊಲಕ್ಕೆ ಹಿಂದಿರುಗುತ್ತದೆ.

ನೆಲದಲ್ಲಿರುವ ಬೀಜವನ್ನು ಖರ್ಚು ಮಾಡಿಸುವ ಉಪಾಯವೆಂದರೆ ಅದನ್ನು ಮೊಳೆಯಲು ಬಿಟ್ಟು ಕೊಲ್ಲುವುದು. ಮುಂಗಾರು ಪೂರ್ವ ಮಳೆಗೆ ಮೊಳಕೆಗಳು ಎದ್ದ ಮೇಲೆ, ಎರಡು ಮೂರು ಎಲೆಯ ಹಂತದಲ್ಲಿ, ಬಿಸಿಲಿರುವ ದಿನ ಕುಂಟೆ ಹೊಡೆಯಿರಿ. ಕುಂಟೆ 2 ಅಂಗುಲಕ್ಕಿಂತ ಆಳಕ್ಕೆ ಇಳಿಯಬಾರದು. ಆಳಕ್ಕೆ ಇಳಿದರೆ ಕೆಳಗೆ ಮಲಗಿದ್ದ ಬೀಜವನ್ನು ನಾವೇ ಮೇಲೆ ತಂದಂತಾಗುತ್ತದೆ. ಮುಂದಿನ ಮಳೆಗೆ ಮತ್ತೊಂದು ತಂಡ ಏಳುತ್ತದೆ; ಅದನ್ನೂ ಹೀಗೆಯೇ ಕೊಲ್ಲಿ. ಬಿತ್ತನೆಗೆ ಮುಂಚೆ ಎರಡು ತಂಡ ಹೋದರೂ ಬೆಳೆಯೊಳಗಿನ ಕಳೆ ಗಮನಾರ್ಹವಾಗಿ ತಗ್ಗುತ್ತದೆ.

ಬದು, ರಸ್ತೆ ಬದಿ, ಗೋಮಾಳಗಳಲ್ಲಿ ಮೆಕ್ಸಿಕನ್ ದುಂಬಿಯ ನೆರವು ಪಡೆಯಬಹುದು. ಇದನ್ನು 1983ರಲ್ಲಿ ಮೆಕ್ಸಿಕೋ ದೇಶದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, 1984ರಲ್ಲಿ ಬಯಲಿಗೆ ಬಿಡಲಾಯಿತು. ಮರಿಹುಳು, ದುಂಬಿ ಎರಡೂ ಪಾರ್ಥೇನಿಯಂ ಎಲೆಯನ್ನು ತಿನ್ನುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇವು ಚುರುಕಾಗಿರುತ್ತವೆ. ಉಳಿದ ಕಾಲ ಮಣ್ಣಿನಲ್ಲಿ ಮಲಗಿರುತ್ತವೆ. ದುಂಬಿ ಹೇರಳವಾಗಿರುವ ಕಡೆಯಿಂದ ಹಿಡಿದು ತಂದು ನಿಮ್ಮ ಬದುವಿನ ಗಿಡಗಳ ಮೇಲೆ ಬಿಡಬಹುದು. ಆದರೆ ದುಂಬಿಯೊಂದರಿಂದಲೇ ಹೊಲ ಶುದ್ಧವಾಗುವುದೆಂದು ನಂಬಿ ಕೂರಬಾರದು. ಹಾಗೆಯೇ ಬದುಗಳಲ್ಲಿ ತಗಚೆಯ ಬೀಜ ಚೆಲ್ಲಿದರೆ ಅದು ಮುಂಗಾರಿನಲ್ಲಿ ಒತ್ತಾಗಿ ಬೆಳೆದು ಪಾರ್ಥೇನಿಯಂ ಅನ್ನು ತುಳಿಯುತ್ತದೆ.

ಗರಿಕೆ

ಗಣಪತಿಗೆ ಪ್ರಿಯವಾದ ಗರಿಕೆ ಬದುವಿನ ಮೇಲೆ ರೈತನಿಗೂ ಮಿತ್ರನೇ. ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುತ್ತದೆ, ದನಕ್ಕೆ ಮೇವಾಗುತ್ತದೆ. ಅದನ್ನು ಬದುವಿನ ಮೇಲೆ ಇರಲು ಬಿಡಿ. ಹೊಲಕ್ಕೆ ಇಳಿಯದಂತೆ ಬದುವಿನ ಅಂಚಿನಲ್ಲಿ ಒಂದು ಅಡಿ ಆಳದ ಕಿರುಗಾಲುವೆ ತೆಗೆದು, ಅದನ್ನು ದಾಟುವ ಬಳ್ಳಿಗಳನ್ನು ಆಗಾಗ ಕತ್ತರಿಸಿ.

ಹೊಲದೊಳಗಿನ ಗರಿಕೆಗೆ ಬೇಸಿಗೆಯ ಬಿಸಿಲೇ ಮದ್ದು. ಅದಕ್ಕೆ ಬೇಕಾದುದು ಆಳವಾದ ಉಳುಮೆ ಮತ್ತು ಅನಂತರ ಒಣ ಹವೆ. ಮಾರ್ಚ್-ಏಪ್ರಿಲ್‌ನಲ್ಲಿ ಬೀಳುವ ಒಂದು ಅಡ್ಡ ಮಳೆಯ ಹದ ಬಳಸಿ, ಮಣ್ಣು ಮಗುಚುವ ನೇಗಿಲಿನಿಂದ 8ರಿಂದ 10 ಅಂಗುಲ ಆಳಕ್ಕೆ ಉತ್ತು, ಹೆಂಟೆಗಳನ್ನು ಒಡೆಯದೆ ಎರಡು ಮೂರು ವಾರ ಬಿಡಿ. ಹೆಂಟೆಯೊಳಗಿನ ಕಾಂಡಗಳು ಒಣಗುತ್ತವೆ. ಆಮೇಲೆ ಹಲುಬೆ ಹಾಯಿಸಿ ಕಾಂಡಗಳನ್ನು ಒಟ್ಟು ಮಾಡಿ ಆರಿಸಿ. ಆರಿಸಿದ್ದನ್ನು ಬದುವಿನ ಮೇಲೆ ಎಸೆಯಬೇಡಿ. ಬಂಡೆ ಅಥವಾ ಕಣದ ಮೇಲೆ ಪೂರ್ತಿ ಒಣಗಿಸಿದ ನಂತರ ಗೊಬ್ಬರದ ಗುಂಡಿಗೆ ಸೇರಿಸಿ. ನಡುವೆ ಮಳೆ ಬಂದು ಚಿಗುರಿದರೆ ಒಣಗಿದ ಕೂಡಲೇ ಇನ್ನೊಂದು ಅಡ್ಡ ಉಳುಮೆ ಮಾಡತಕ್ಕದ್ದು.

ಮಳೆಗಾಲದಲ್ಲಿ ಗರಿಕೆ ಇರುವ ಹೊಲಕ್ಕೆ ರೋಟವೇಟರ್ ಇಳಿಸಲೇಬಾರದು. ಎರೆ ಭೂಮಿಯಲ್ಲಿ ಗರಿಕೆ ಇನ್ನೂ ಆಳಕ್ಕೆ ಇಳಿದಿರುತ್ತದೆ. ಅಲ್ಲಿ ಬೇಸಿಗೆಯಲ್ಲಿ ಟ್ರ್ಯಾಕ್ಟರ್‌ನಿಂದ ಆಳವಾಗಿ ಉಳಿಸಿ, ಉಳಿದ ಪಟ್ಟೆಗಳನ್ನು ಗುದ್ದಲಿಯಿಂದ ಅಗೆಸುವ ಹಳೆಯ ಪದ್ಧತಿ ಇಂದಿಗೂ ಸರಿಯಾದುದೇ.

ತುಂಗೆ

ನಾಲ್ಕರಲ್ಲಿ ಇದೇ ಕಠಿಣ. ತುಂಗೆಯನ್ನು ಒಂದು ಸಲ ಕೀಳುವುದರಿಂದ ಪ್ರಯೋಜನವಿಲ್ಲ. ಕೈಗೆ ಎಲೆ ಬರುತ್ತದೆ, ಗಡ್ಡೆ ಉಳಿಯುತ್ತದೆ. ಆದರೆ ಅದರ ಲೆಕ್ಕ ತಿಳಿದರೆ ದಾರಿಯಿದೆ. ಗಡ್ಡೆ ಚಿಗುರುವಾಗ ಕೂಡಿಟ್ಟ ಶಕ್ತಿಯನ್ನು ಖರ್ಚು ಮಾಡುತ್ತದೆ. ಚಿಗುರಿದ ಮೂರು ನಾಲ್ಕು ವಾರಗಳ ನಂತರ ಎಲೆಗಳು ತಯಾರಿಸಿದ ಆಹಾರ ಕೆಳಗಿಳಿದು ಹೊಸ ಗಡ್ಡೆ ಕಟ್ಟತೊಡಗುತ್ತದೆ. ಅಂದರೆ ಮೊದಲ ಮೂರು ವಾರ ತುಂಗೆಗೆ ಬರೀ ಖರ್ಚು, ಆಮೇಲೆ ವರಮಾನ. ವರಮಾನ ಶುರುವಾಗುವ ಮುಂಚೆಯೇ, 15ರಿಂದ 20 ದಿನಗಳಿಗೊಮ್ಮೆ, ತಪ್ಪದೆ ಕುಂಟೆ ಹೊಡೆದು ಅಥವಾ ಕೆತ್ತಿ ಎಲೆಯನ್ನು ತೆಗೆಯುತ್ತ ಹೋದರೆ ಗಡ್ಡೆ ಸೊರಗುತ್ತದೆ. ಒಂದು ಗಡ್ಡೆಯಲ್ಲಿ ಹಲವು ಕಣ್ಣುಗಳಿರುವುದರಿಂದ ಅದು ಮತ್ತೆ ಮತ್ತೆ ಚಿಗುರುತ್ತದೆ; ಅದಕ್ಕೆ ಧೈರ್ಯಗೆಡಬಾರದು. ಆದರೆ ಒಂದು ಸರದಿ ತಪ್ಪಿ ತಿಂಗಳೂವರೆ ಬಿಟ್ಟರೆ ಹಿಂದಿನ ಶ್ರಮವೆಲ್ಲ ನೀರಿನಲ್ಲಿ ಹೋಮ.

ಬೇಸಿಗೆಯಲ್ಲಿ ಉತ್ತು ಗಡ್ಡೆಗಳನ್ನು ಮೇಲೆ ತಂದು ಬಿಸಿಲಿಗೆ ಒಡ್ಡಿದರೆ ಒಣಗಿ ಸಾಯುತ್ತವೆ. ತುಂಗೆ ನೆರಳನ್ನು ತಾಳದು. ಒತ್ತಾದ ಬೆಳೆಯ ಅಡಿಯಲ್ಲಿ ಗಡ್ಡೆ ಕಟ್ಟುವುದು ತಗ್ಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಮುಗಿಯಿತೆಂದು ಕೆಲವರು ತಿಳಿದಿದ್ದಾರೆ. ತುಂಗೆಯ ಮೊನಚಾದ ಮೊಳಕೆ ತೆಳು ಹಾಳೆಯನ್ನೂ ಹುಲ್ಲಿನ ಹೊದಿಕೆಯನ್ನೂ ತೂರಿಕೊಂಡು ಬರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಒದ್ದೆ ಮಾಡಿದ ಸಸಿ ಮಡಿಗೆ ಪಾರದರ್ಶಕ ಪಾಲಿಥಿನ್ ಹಾಳೆಯನ್ನು 4ರಿಂದ 6 ವಾರ ಹೊದಿಸುವ ಕ್ರಮ ಬೀಜದಿಂದ ಬರುವ ಕಳೆಗಳಿಗೆ ಒಳ್ಳೆಯದು, ತುಂಗೆ ಗಡ್ಡೆಗೆ ಸಾಲದು.

ಲಂಟಾನ ಮತ್ತು ಬಳ್ಳಾರಿ ಜಾಲಿ

ಕೊಡಲಿ, ಮಚ್ಚು ಸಾಲದು. ಪಿಕಾಸಿ, ಹಾರೆ ಬೇಕು. ಲಂಟಾನದ ಕೊಂಬೆಗಳನ್ನು ಸವರಿ, ಬುಡದ ಮಣ್ಣು ಸರಿಸಿ, ಕಾಂಡ ಮತ್ತು ಬೇರು ಸೇರುವ ಜಾಗದಿಂದ ಒಂದೆರಡು ಅಂಗುಲ ಕೆಳಗೆ ತಾಯಿಬೇರನ್ನು ಕತ್ತರಿಸಿ, ಬುಡವನ್ನು ಎತ್ತಿ ಬೇರು ಮೇಲಾಗಿ ತಲೆಕೆಳಗೆ ಇಡಿ. ಬುಡ ಮಣ್ಣಿಗೆ ತಾಗದಿದ್ದರೆ ಮತ್ತೆ ಚಿಗುರದು. ಬಳ್ಳಾರಿ ಜಾಲಿಯ ಚಿಗುರು ಕಣ್ಣುಗಳು ಇನ್ನೂ ಕೆಳಗಿರುವುದರಿಂದ ಒಂದು ಅಡಿಯಷ್ಟು ಆಳಕ್ಕೆ ಅಗೆದು ಬುಡ ಕೀಳಬೇಕು. ಎಳೆಯ ಗಿಡಗಳನ್ನು ಮಳೆಯ ಹದದಲ್ಲಿ ಕೈಯಿಂದಲೇ ಕೀಳಬಹುದು.

ಲಂಟಾನದ ಎಲೆ ತಿಂದ ದನಕ್ಕೆ ಪಿತ್ತಜನಕಾಂಗ ಕೆಟ್ಟು ಕಾಮಾಲೆಯಾಗುತ್ತದೆ. ಕಡಿದ ಸೊಪ್ಪನ್ನು ದನ ಮೇಯುವ ಕಡೆ ಬಿಡಬಾರದು. ಲಂಟಾನದ ಹಣ್ಣನ್ನು ಹಕ್ಕಿಗಳು, ಜಾಲಿಯ ಕಾಯನ್ನು ಕುರಿ, ಮೇಕೆ, ದನಗಳು ತಿಂದು ಬೀಜ ಹರಡುತ್ತವೆ. ಹೀಗಾಗಿ ತೆರವು ಮಾಡಿದ ನಂತರ ಎರಡು ಮೂರು ವರ್ಷ ಮರಗಳ ಅಡಿ ಮತ್ತು ಕೊಟ್ಟಿಗೆಯ ಸುತ್ತ ಸಸಿಗಳನ್ನು ಹುಡುಕಿ ಕೀಳುತ್ತಿರಬೇಕು. ಕಡಿದ ಲಂಟಾನ ಬರೀ ಕಸವಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಗಳಿಂದ ಪೀಠೋಪಕರಣ ಹೆಣೆದು ಮಾರುತ್ತಿದ್ದಾರೆ.

4. ಒಂದೇ ಹೊಲದಲ್ಲಿ ಎಲ್ಲ ಕಳೆಯೂ ಇದ್ದಾಗ

ಮೇಲಿನದನ್ನು ಓದಿದ ರೈತರಿಗೆ ಒಂದು ಸಂದೇಹ ಬರುವುದು ಸಹಜ. ಪಾರ್ಥೇನಿಯಂಗೆ ಮಣ್ಣನ್ನು ಆಳಕ್ಕೆ ಕದಡಬಾರದು. ಗರಿಕೆಗೆ ಆಳಕ್ಕೆ ಉಳಬೇಕು. ಎರಡೂ ಇರುವ ಹೊಲದಲ್ಲಿ ಏನು ಮಾಡುವುದು?

ಇದಕ್ಕೇ ನಕ್ಷೆ ಬೇಕಾದುದು. ಗರಿಕೆ, ತುಂಗೆ ಇರುವ ಪಟ್ಟೆಗಳನ್ನು ಮಾತ್ರ ಬೇಸಿಗೆಯಲ್ಲಿ ಆಳವಾಗಿ ಉಳಿರಿ. ಬರೀ ಪಾರ್ಥೇನಿಯಂ ಇರುವ ಭಾಗಕ್ಕೆ ಆಳದ ಉಳುಮೆ ಬೇಡ. ಮೇಲಿನ ಮಣ್ಣಿನಲ್ಲಿರುವ ಬೀಜವನ್ನು ಮೇಲೆಯೇ ಮೊಳೆಸಿ ಕೊಲ್ಲಿ. ಎರಡೂ ಕಳೆ ಬೆರೆತಿರುವ ಕಡೆ ಗರಿಕೆಯ ಕೆಲಸ ಮೊದಲು: ಒಂದು ಬೇಸಿಗೆಯಲ್ಲಿ ಆಳದ ಉಳುಮೆ ಮುಗಿಸಿ, ಆಮೇಲೆ ಎರಡು ಮೂರು ವರ್ಷ ಆಳಕ್ಕೆ ಹೋಗದಿದ್ದರೆ ಕೆಳಗೆ ಬಿದ್ದ ಪಾರ್ಥೇನಿಯಂ ಬೀಜ ಕೆಳಗೇ ಉಳಿಯುತ್ತದೆ. ಪ್ರತಿ ವರ್ಷ ಆಳವಾಗಿ ಉತ್ತರೆ ಹೂತ ಬೀಜ ಪ್ರತಿ ವರ್ಷ ಮೇಲೆ ಬರುತ್ತದೆ. ಮಣ್ಣಿನಾಳದಲ್ಲಿ ಹೂತ ಪಾರ್ಥೇನಿಯಂ ಬೀಜ ಹಲವು ವರ್ಷ ಜೀವ ಹಿಡಿದಿರಬಲ್ಲದು ಎಂಬುದನ್ನು ಮರೆಯಬಾರದು.

ಉಪಕರಣದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಶುದ್ಧವಾದ ಭಾಗದ ಕೆಲಸ ಮೊದಲು, ತುಂಗೆಯ ಮೂಲೆ ಕೊನೆಗೆ. ಕುಂಟೆಯ ತಾಳು, ಟ್ರ್ಯಾಕ್ಟರ್‌ನ ಚಕ್ರ, ನೇಗಿಲಿಗೆ ಅಂಟಿದ ಮಣ್ಣನ್ನು ಆ ಮೂಲೆಯಲ್ಲಿಯೇ ಕೆರೆದು ಬರಬೇಕು. ಬಾಡಿಗೆಯ ಯಂತ್ರ ನಿಮ್ಮ ಹೊಲಕ್ಕೆ ಇಳಿಯುವ ಮುಂಚೆಯೂ ಇದೇ ನಿಯಮ.

5. ಕಳೆ ತುಳಿಯುವ ಬೆಳೆ

ಬರಿದಾದ ನೆಲ ಬರಿದಾಗಿ ಉಳಿಯದು. ನೀವು ಬಿತ್ತದಿದ್ದರೆ ಕಳೆ ಬಿತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲ ಮುಂಗಾರಿನಲ್ಲಿ ಧಾನ್ಯದ ಆಸೆ ಬಿಟ್ಟು ನೆಲ ಮುಚ್ಚುವ ಬೆಳೆ ಹಾಕುವುದು ಲಾಭದಾಯಕ. ಸೆಣಬನ್ನು ಎಕರೆಗೆ 20 ಕಿಲೋದಂತೆ ಒತ್ತಾಗಿ ಚೆಲ್ಲಿ, 45-50 ದಿನಕ್ಕೆ ಹೂ ಬರುವ ಸಮಯದಲ್ಲಿ ಮಣ್ಣಿಗೆ ಸೇರಿಸಿದರೆ ಕಳೆಯೂ ತುಳಿಯುತ್ತದೆ, ಮಣ್ಣಿಗೆ ಗೊಬ್ಬರವೂ ಆಗುತ್ತದೆ. ಹಿಂಗಾರಿನಲ್ಲಿ ಹುರುಳಿ ಅಥವಾ ಅಲಸಂದೆ ಹಾಕಬಹುದು. ದನವಿರುವವರು ಮೇವಿನ ಜೋಳವನ್ನು ಒತ್ತಾಗಿ ಬಿತ್ತಿ ಹಸಿರಾಗಿ ಕೊಯ್ಯಬಹುದು. ಜೋಳದ ಎಳೆಯ ಪೈರಿನಲ್ಲಿ ವಿಷಾಂಶ ಇರುವುದರಿಂದ ಹೂ ಬರುವ ಹಂತಕ್ಕೆ ಮುಂಚೆ ದನಕ್ಕೆ ಹಾಕಬಾರದು.

ತುಂಗೆಯ ಮೂಲೆಗೆ ಮಾತ್ರ ಈ ಸಲಹೆ ಅನ್ವಯಿಸದು. ಒತ್ತಾದ ಬೆಳೆಯೊಳಗೆ 15-20 ದಿನಕ್ಕೊಮ್ಮೆ ಕುಂಟೆ ಹೋಗುವುದಿಲ್ಲ. ಆ ತುಂಡನ್ನು ಮೊದಲ ಮುಂಗಾರು ಪೂರ್ತಿ ಬಿತ್ತದೆ ಕುಂಟೆ ಹೊಡೆಯಲು ಬಿಡಿ. ಎರಡನೆಯ ವರ್ಷ ಸಾಲು ಬೆಳೆ ಹಾಕಿ ಎಡೆಕುಂಟೆ ಮುಂದುವರಿಸಿ.

6. ಕಳೆನಾಶಕಗಳ ಸ್ಥಾನ

ಕಳೆನಾಶಕ ಸಹಾಯಕ, ಯಜಮಾನನಲ್ಲ. ಹಗೇವಿನ ವಿಚಾರ ತಿಳಿಯದೆ ಸಿಂಪಡಿಸಿದರೆ ಎಲೆ ಒಣಗುತ್ತದೆ, ಹಣ ಹೋಗುತ್ತದೆ, ಕಳೆ ಉಳಿಯುತ್ತದೆ.

ಮುಸುಕಿನ ಜೋಳದಲ್ಲಿ ಬಿತ್ತಿದ ಮೂರು ದಿನದೊಳಗೆ ತೇವ ಮಣ್ಣಿಗೆ ಸಿಂಪಡಿಸುವ ಅಟ್ರಜಿನ್ ಪಾರ್ಥೇನಿಯಂ ಮೊಳಕೆಗಳನ್ನು ತಡೆಯುತ್ತದೆ; ಗರಿಕೆ, ತುಂಗೆಗಳನ್ನು ತಡೆಯದು. ದ್ವಿದಳ ಧಾನ್ಯವನ್ನು ಮಿಶ್ರ ಬೆಳೆಯಾಗಿ ಹಾಕಿದ್ದರೆ ಇದನ್ನು ಬಳಸಬಾರದು. ಕಬ್ಬು ಮತ್ತು ಮುಸುಕಿನ ಜೋಳದಲ್ಲಿ ತುಂಗೆಗೆಂದೇ ಇರುವ ಹ್ಯಾಲೋಸಲ್ಫ್ಯೂರಾನ್ ಮಿಥೈಲ್ (ಶೇ. 75) ಎಂಬ ಕಳೆನಾಶಕವನ್ನು ತುಂಗೆ 3ರಿಂದ 5 ಎಲೆಯ ಹಂತದಲ್ಲಿರುವಾಗ ಎಕರೆಗೆ 36 ಗ್ರಾಂನಂತೆ ಉಪಯೋಗಿಸಬಹುದು. ಬೇರೆ ಬೆಳೆಗಳ ಮೇಲೆ ಇದನ್ನು ಪ್ರಯೋಗ ಮಾಡಿ ನೋಡಬಾರದು.

ಗ್ಲೈಫೋಸೇಟ್ ಎಲೆಯಿಂದ ಬೇರು, ಕಾಂಡಗಳಿಗೆ ಇಳಿದು ಕೊಲ್ಲುವ ಔಷಧಿ. ಗರಿಕೆ ಹಸಿರಾಗಿ ಚುರುಕಾಗಿ ಬೆಳೆಯುವಾಗ ಮಾತ್ರ ಕೆಲಸ ಮಾಡುತ್ತದೆ. ಒಣಗಿದ ಅಥವಾ ಧೂಳು ಹಿಡಿದ ಎಲೆಯ ಮೇಲೆ ವ್ಯರ್ಥ. ರಾಡಿ ನೀರಿನಲ್ಲಿ ಬೆರೆಸಿದರೆ ಮಣ್ಣಿನ ಕಣಗಳಿಗೆ ಅಂಟಿ ಅದರ ಶಕ್ತಿ ಕುಗ್ಗುತ್ತದೆ. ನೆಲದ ಬೀಜದ ಮೇಲೆ ಇದರ ಪರಿಣಾಮವಿಲ್ಲ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ, ಇದನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರು ಮಾತ್ರ ಉಪಯೋಗಿಸಬೇಕೆಂದು ಆದೇಶ ಹೊರಡಿಸಿತು. ಆದ್ದರಿಂದ ಅಂಗಡಿಯವರ ಮಾತಿಗೆ ಕೊಳ್ಳದೆ, ಜಾರಿಯಲ್ಲಿರುವ ನಿಯಮವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಯಾವುದೇ ಕಳೆನಾಶಕವಾದರೂ ಡಬ್ಬಿಯ ಮೇಲಿನ ಸೂಚನೆಯೇ ಕಾನೂನು. ಕಳೆನಾಶಕ ಹಾಕಿದ ಸ್ಪ್ರೇಯರ್‌ನಲ್ಲಿ ಬೆಳೆಯ ಔಷಧಿ ಹೊಡೆಯಬಾರದು.

ಪಾರ್ಥೇನಿಯಂಗೆ ಲೀಟರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಸಿಂಪಡಿಸುವ ಹಳೆಯ ಪದ್ಧತಿ ರಸ್ತೆ ಬದಿ, ಬಂಜರು ಜಾಗಗಳಿಗೆ ಸರಿ. ಬೆಳೆಯುವ ಹೊಲಕ್ಕೆ ಉಪ್ಪು ಸುರಿಯಬಾರದು, ಮಣ್ಣು ಕೆಡುತ್ತದೆ.

7. ಮೂರು ವರ್ಷದ ಕಾರ್ಯಕ್ರಮ (ದಕ್ಷಿಣದ ಕೆಂಪು ಮಣ್ಣಿನ ಖುಷ್ಕಿಗೆ)

ಮೊದಲ ವರ್ಷ
ಜನವರಿ-ಫೆಬ್ರವರಿ: ನಕ್ಷೆ, ಗುಂಡಿ ಮತ್ತು ಬುಟ್ಟಿ ಪರೀಕ್ಷೆ. ಲಂಟಾನ, ಜಾಲಿಯ ಬುಡ ತೆಗೆಯುವುದು.
ಮಾರ್ಚ್-ಏಪ್ರಿಲ್: ಗರಿಕೆ, ತುಂಗೆಯ ಪಟ್ಟೆಗಳಲ್ಲಿ ಆಳದ ಉಳುಮೆ, ಒಣಗಿಸಿ ಆರಿಸುವುದು.
ಭರಣಿ, ಕೃತ್ತಿಕಾ ಮಳೆ: ಎದ್ದ ಪಾರ್ಥೇನಿಯಂ ಮೊಳಕೆಗಳಿಗೆ ಎರಡು ಸಲ ಮೇಲುಕುಂಟೆ.
ರೋಹಿಣಿ, ಮೃಗಶಿರಾ ಮಳೆ: ಸೆಣಬು ಬಿತ್ತನೆ. ತುಂಗೆಯ ಮೂಲೆಯಲ್ಲಿ 15-20 ದಿನಕ್ಕೊಮ್ಮೆ ಕುಂಟೆ.
ಆಗಸ್ಟ್-ಸೆಪ್ಟೆಂಬರ್: ಸೆಣಬನ್ನು ಮಣ್ಣಿಗೆ ಸೇರಿಸಿ, ಹುರುಳಿ ಬಿತ್ತನೆ. ಬದುವಿನ ಪಾರ್ಥೇನಿಯಂ ಕೀಳುವುದು.

ಎರಡನೆಯ ವರ್ಷ
ಪರೀಕ್ಷೆಗಳನ್ನು ಮತ್ತೆ ಮಾಡಿ ಹೋಲಿಸಿ. ಗರಿಕೆ ಉಳಿದ ಪಟ್ಟೆಗಳಿಗೆ ಮಾತ್ರ ಬೇಸಿಗೆ ಉಳುಮೆ ಅಥವಾ ಗುದ್ದಲಿ. ಜುಲೈನಲ್ಲಿ ಒಂದು ಅಡಿ ಅಂತರದ ಸಾಲುಗಳಲ್ಲಿ ರಾಗಿ ಬಿತ್ತಿ, 20-25 ದಿನಕ್ಕೆ ಒಮ್ಮೆ, ಅದಾದ ಹದಿನೈದು ದಿನಕ್ಕೆ ಇನ್ನೊಮ್ಮೆ ಎಡೆಕುಂಟೆ. ಸಾಲಿನೊಳಗಿನ ಕಳೆಗೆ ಒಂದು ಕೈಕಳೆ.

ಮೂರನೆಯ ವರ್ಷ
ರಾಗಿಯ ಬದಲು ದ್ವಿದಳ ಧಾನ್ಯ ಅಥವಾ ನೆಲಗಡಲೆ. ಬದು, ದಾರಿ, ತಿಪ್ಪೆಯ ಸುತ್ತ ವರ್ಷಕ್ಕೆ ಮೂರು ಸಲ ಕಾವಲು. ಪೂರ್ಣ ಕೊಳೆತ ಗೊಬ್ಬರ ಮಾತ್ರ ಹೊಲಕ್ಕೆ.

ಆಳಿನ ಖರ್ಚನ್ನು ಯೋಚಿಸಿದರೆ ಇದೆಲ್ಲ ಇಡೀ ಹೊಲಕ್ಕೆ ಒಂದೇ ವರ್ಷ ಸಾಧ್ಯವಾಗದೆ ಇರಬಹುದು. ಆಗ ಹೊಲವನ್ನು ಮೂರು ಪಾಲು ಮಾಡಿ, ಕಳೆ ಕಡಿಮೆಯಿರುವ ಪಾಲಿನಿಂದ ಪ್ರಾರಂಭಿಸಿ. ಉಳಿದ ಪಾಲುಗಳಲ್ಲಿ ಕಳೆ ಬೀಜ ಕಟ್ಟದಂತೆ ಕೊಯ್ಯುತ್ತಿದ್ದರೆ ಸಾಕು. ಅರ್ಧ ಎಕರೆಯನ್ನು ಪೂರ್ತಿ ಗೆಲ್ಲುವುದು ಮೂರು ಎಕರೆಯನ್ನು ಅರ್ಧಂಬರ್ಧ ಕೆದಕುವುದಕ್ಕಿಂತ ಮೇಲು.

8. ನೆರೆಹೊಲದ ಜವಾಬ್ದಾರಿ

ಪಾರ್ಥೇನಿಯಂ ಬೀಜಕ್ಕೆ ಸರ್ವೆ ನಂಬರಿನ ಗಡಿ ಗೊತ್ತಿಲ್ಲ. ಗಾಳಿ, ಮಳೆನೀರು, ದನದ ಕಾಲು, ಗಾಡಿಯ ಚಕ್ರಗಳಲ್ಲಿ ಅದು ಪಕ್ಕದ ಹೊಲ ಸೇರುತ್ತದೆ. ನಮ್ಮ ಹೊಲ ಬೀಳು ಬಿದ್ದಿದ್ದ ಆರು ವರ್ಷ ಪಕ್ಕದ ಹೊಲದವರು ಪ್ರತಿ ಮುಂಗಾರಿನಲ್ಲೂ ಒಂದು ಹೆಚ್ಚಿನ ಕಳೆ ತೆಗೆಸಬೇಕಾಯಿತು. ಅವರು ಬಾಯಿಬಿಟ್ಟು ಹೇಳಲಿಲ್ಲ. ನಾನು ಊರಿಗೆ ಹೋಗಿ ಕೆಲಸಕ್ಕೆ ಇಳಿದ ಮೇಲಷ್ಟೇ ತಿಳಿಯಿತು. ಪಟ್ಟಣದಲ್ಲಿ ನೆಲೆಸಿರುವ ಜಮೀನುದಾರರು ಬೇಸಾಯ ಮಾಡಲಾಗದಿದ್ದರೂ ವರ್ಷಕ್ಕೆ ಎರಡು ಸಲ, ಹೂವಿಗೆ ಮುಂಚೆ, ಹೊಲವನ್ನು ಸವರಿಸುವ ಏರ್ಪಾಟು ಮಾಡುವುದು ನೆರೆಯವರಿಗೆ ಸಲ್ಲಿಸಬೇಕಾದ ಕರ್ತವ್ಯ. ಗುತ್ತಿಗೆಗೋ ವಾರಕ್ಕೋ ಕೊಟ್ಟರೆ ಇನ್ನೂ ಒಳ್ಳೆಯದು. ಕರ್ನಾಟಕ ಸರ್ಕಾರವು 1975ರಲ್ಲಿಯೇ ಪಾರ್ಥೇನಿಯಂ ಅನ್ನು ಪೀಡೆಯ ಕಳೆಯೆಂದು ಘೋಷಿಸಿತ್ತು. ಆದರೆ ಘೋಷಣೆಯಿಂದ ಕಳೆ ಹೋಗಲಿಲ್ಲ. ಊರಿನವರು ಸೇರಿ, ಮುಂಗಾರಿನ ಮೊದಲ ತಿಂಗಳಲ್ಲಿ ಒಂದು ದಿನ ಗೊತ್ತು ಮಾಡಿ, ದಾರಿ, ಗೋಮಾಳ, ಶಾಲೆಯ ಸುತ್ತ ಒಟ್ಟಿಗೆ ಕಿತ್ತ ಕಡೆ ಫಲ ಕಾಣುತ್ತದೆ. ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ಈ ದಿನವನ್ನು ಹೂ ಬಿಡುವ ಮುಂಚೆ ಇರುವಂತೆ ನೋಡಿಕೊಳ್ಳತಕ್ಕದ್ದು.

ಕೊನೆಯ ಮಾತು

ನಮ್ಮ ಹೊಲದ ಕಥೆ ಹೇಳಿ ಮುಗಿಸುತ್ತೇನೆ. ರೋಟವೇಟರ್ ತಪ್ಪಿನ ಮಾರನೆಯ ಬೇಸಿಗೆಯಿಂದ ಮೇಲಿನ ಕ್ರಮವನ್ನು ಅನುಸರಿಸಿದೆವು. ಗರಿಕೆ ಎರಡು ಬೇಸಿಗೆಗೆ ಬಗ್ಗಿತು. ಮೂರನೆಯ ವರ್ಷ ರಾಗಿ ಕೈಗೆ ಬಂತು. ಬುಟ್ಟಿ ಪರೀಕ್ಷೆಯಲ್ಲಿ ಪಾರ್ಥೇನಿಯಂ ಮೊಳಕೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ತುಂಗೆಯ ಮೂಲೆ ಮಾತ್ರ ಇನ್ನೂ ಪೂರ್ತಿ ಸೋತಿಲ್ಲ. ಮೊದಲು ಒಂದು ಗುಂಡಿಗೆ ಬೊಗಸೆ ತುಂಬ ಸಿಗುತ್ತಿದ್ದ ಗಡ್ಡೆಗಳು ಈಗ ಬೆರಳೆಣಿಕೆಗೆ ಬಂದಿವೆ. ಅವನ್ನು ನೋಡಿದ ದೊಡ್ಡಪ್ಪ, "ಇನ್ನೆರಡು ಮುಂಗಾರು ಕುಂಟೆ ಬಿಡಬೇಡ" ಎಂದಿದ್ದಾರೆ. ಬಿಡುವುದಿಲ್ಲ.

ರೈತ ಬಾಂಧವರು ನೆನಪಿಡಬೇಕಾದ ಅಂಶಗಳು:
1. ನೇಗಿಲಿಗೆ ಮುಂಚೆ ನಕ್ಷೆ. ಯಾವ ಕಳೆ, ಅದರ ಹಗೇವು ಎಲ್ಲಿ ಎಂದು ತಿಳಿಯಿರಿ.
2. ಪಾರ್ಥೇನಿಯಂ ಹೂವಿಗೆ ಮುಂಚೆ, ಗರಿಕೆ ಬೇಸಿಗೆಯಲ್ಲಿ, ತುಂಗೆ 15-20 ದಿನಕ್ಕೊಮ್ಮೆ, ಲಂಟಾನ, ಜಾಲಿ ಬುಡದ ಕೆಳಗೆ.
3. ಒದ್ದೆ ಮಣ್ಣಿನಲ್ಲಿ ಗರಿಕೆ, ತುಂಗೆಯ ಮೇಲೆ ರೋಟವೇಟರ್ ಬೇಡ.
4. ನೆಲ ಬರಿದಾಗಿ ಬಿಡಬೇಡಿ; ತುಂಗೆಯ ಮೂಲೆ ಮಾತ್ರ ಇದಕ್ಕೆ ಹೊರತು.
5. ಪ್ರತಿ ವರ್ಷ ಗುಂಡಿ ತೆಗೆದು ಎಣಿಸಿ. ಸಂಖ್ಯೆ ಇಳಿಯುತ್ತಿದ್ದರೆ ನೀವು ಗೆಲ್ಲುತ್ತಿದ್ದೀರಿ.